ಎಷ್ಟನೇ ಸಾಲಲ್ಲಿದೆ, ಹೇಳಿ

ಶಾಲೆಯಲ್ಲಿ ಪಾಠ ಮಾಡುವಾಗ ನನ್ನ ಕಣ್ಣು ಮಕ್ಕಳ ಬೆರಳಿನ ಮೇಲಿರುತ್ತಿತ್ತು. ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಉಳಿದವರು ಪುಸ್ತಕದ ಮೇಲೆ ಬೆರಳಿಟ್ಟು ಜೊತೆಗೆ ಸಾಗುತ್ತಾರೆ. ಯಾರ ಬೆರಳು ಎರಡು ಸಾಲು ಹಿಂದೆ ಉಳಿದಿದೆ, ಯಾರದ್ದು ಯಾವ ಪದದ ಹತ್ತಿರ ನಿಂತುಬಿಟ್ಟಿದೆ ಎಂಬುದು ಬೆಂಚುಗಳ ನಡುವೆ ಒಂದು ಸುತ್ತು ಹಾಕಿದರೆ ಗೊತ್ತಾಗುತ್ತಿತ್ತು. ಪಾಠ ಆನ್‌ಲೈನ್‌ಗೆ ಬಂದಾಗ ನಾನು ಕಳೆದುಕೊಂಡದ್ದು ಅದನ್ನೇ.

ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಸಮಾಜ ಮತ್ತು ಭಾಷೆ ಎರಡನ್ನೂ ನಾನೇ ಕಲಿಸುತ್ತೇನೆ. ಮೊದಲ ಕೆಲವು ವಾರ ದಿನಕ್ಕೆ 40 ನಿಮಿಷ ನಾನೊಬ್ಬಳೇ ಮಾತಾಡಿದೆ. ಸ್ಲೈಡ್ ತೋರಿಸಿದೆ, ಕೊನೆಗೆ "ಅರ್ಥ ಆಯ್ತಾ?" ಎಂದು ಕೇಳಿದೆ. "ಆಯ್ತು ಟೀಚರ್" ಎಂದು ಚಾಟ್‌ನಲ್ಲಿ ಒಂದರ ಕೆಳಗೊಂದು ಬಂತು. ಆಮೇಲೆ ಬರೆದು ಕಳಿಸಿದ ಉತ್ತರಗಳನ್ನು ನೋಡಿದರೆ, ಅರ್ಧದಷ್ಟು ಮಕ್ಕಳದ್ದು ಒಂದೇ ಪ್ಯಾರಾ, ಒಂದೇ ಕಾಗುಣಿತದ ತಪ್ಪು. ಸಿಟ್ಟು ಬರಲಿಲ್ಲ, ಸಂಕಟವಾಯಿತು. ನಾನು ಕೇಳಿದ್ದ ಪ್ರಶ್ನೆಗಳಿಗೆ ಪಾಠ ಓದದೆಯೂ ಉತ್ತರ ಬರೆಯಬಹುದಿತ್ತು, ಅಲ್ವಾ?

ಆಗ ಮಾಡಿದ ಬದಲಾವಣೆ ತುಂಬಾ ಚಿಕ್ಕದು. ಇಡೀ ಅಧ್ಯಾಯ ಕೊಡುವುದನ್ನು ಬಿಟ್ಟೆ. 12 ಸಾಲಿನ ಒಂದು ತುಣುಕು ಬರೆದು, ಪ್ರತಿ ಸಾಲಿನ ಎಡಗಡೆ ಸಂಖ್ಯೆ ಹಾಕಿದೆ. ಅದರ ಫೋಟೋವನ್ನು ಹಿಂದಿನ ದಿನವೇ ಕಳಿಸಿ, ನೋಟ್‌ಬುಕ್‌ನಲ್ಲಿ ಸಾಲಿಗೆ ಸಾಲು ಹಾಗೇ ಇಳಿಸಿಕೊಳ್ಳಲು ಹೇಳಿದೆ. ಸುಮ್ನೆ ನಕಲು ಮಾಡಿಸಿದರೆ ಏನು ಪ್ರಯೋಜನ ಎಂದು ಒಬ್ಬ ತಾಯಿ ಕೇಳಿದರು. ಹೆಚ್ಚಿನ ಮಕ್ಕಳ ಕೈಯಲ್ಲಿ ಇರುವುದು ಒಂದೇ ಫೋನ್. ಅದರಲ್ಲಿ ಕ್ಲಾಸ್ ನಡೆಯುವಾಗ ಪಾಠ ಕಾಣುವುದಿಲ್ಲ, ಪಾಠ ತೆರೆದರೆ ಕ್ಲಾಸ್ ಮರೆಯಾಗುತ್ತದೆ. ಪಾಠ ನೋಟ್‌ಬುಕ್‌ನಲ್ಲಿದ್ದರೆ ಕಿವಿ ಫೋನಿನ ಕಡೆ, ಕಣ್ಣು ಕಾಗದದ ಕಡೆ. ನೆಟ್‌ವರ್ಕ್ ಹೋದರೂ ಪಾಠ ಮಗುವಿನ ಮುಂದೆಯೇ ಇರುತ್ತದೆ. ಅವರಿಗೆ ಹೀಗೆಯೇ ಹೇಳಿದೆ, ಒಪ್ಪಿದರು.

ತರಗತಿಗೆ ಒಂದೇ ನಿಯಮ ಇಟ್ಟೆ. ಏನು ಉತ್ತರ ಹೇಳಿದರೂ ಜೊತೆಗೆ ಸಾಲಿನ ಸಂಖ್ಯೆ ಹೇಳಬೇಕು. ನಿಮಗೆ ಅನಿಸಿದ್ದನ್ನೂ ಹೇಳಬಹುದು, ಆದರೆ ಯಾವ ಸಾಲು ಓದಿ ಹಾಗನಿಸಿತು ಎಂದು ತೋರಿಸಬೇಕು. ಕಾಣದ ಬೆರಳಿನ ಜಾಗಕ್ಕೆ ಈ ಸಂಖ್ಯೆ ಬಂತು. "ಏಳನೇ ಸಾಲು ಟೀಚರ್" ಎಂದು ಒಂದು ಮಗು ಹೇಳಿದಾಗ ಉಳಿದವರೆಲ್ಲ ಏಳನೇ ಸಾಲಿಗೆ ಹೋಗುವುದು ಕ್ಯಾಮೆರಾ ಆಫ್ ಇದ್ದರೂ ತಿಳಿಯುತ್ತಿತ್ತು. ಅರೆಕ್ಷಣ ಮೌನ. ಆಮೇಲೆ ಯಾರಾದರೂ ಮ್ಯೂಟ್ ತೆಗೆದು "ಅಲ್ಲ, ಎಂಟು" ಎನ್ನುತ್ತಿದ್ದರು.

ಈ ಕ್ರಮದಲ್ಲಿ ನನಗೆ ತುಂಬಾ ಹಿಡಿಸಿದ ಪಾಠ ಪ್ರಾಚೀನ ಬ್ಯಾಬಿಲೋನಿನ ರಾಜ ಹಮ್ಮುರಾಬಿಯ ಕಾನೂನುಗಳದ್ದು. ಪುಸ್ತಕಗಳಲ್ಲಿ ಇದು "ಕಣ್ಣಿಗೆ ಕಣ್ಣು" ಎಂಬ ಒಂದು ಮಾತಿನಲ್ಲಿ ಮುಗಿದುಹೋಗುತ್ತದೆ. ನಾನು ಕಲ್ಲಿನಿಂದಲೇ ಶುರು ಮಾಡಿದೆ. ಎರಡು ಮೀಟರಿಗಿಂತ ಎತ್ತರದ ಕಪ್ಪು ಕಲ್ಲು, ಅದರ ಮೇಲೆ ಅಕ್ಕಾಡಿಯನ್ ಭಾಷೆಯಲ್ಲಿ ಕೊರೆದ ಸುಮಾರು 282 ಕಾನೂನುಗಳು. ಈಗಿನ ಇರಾನಿನಲ್ಲಿರುವ ಸೂಸಾದಲ್ಲಿ 1901ರಲ್ಲಿ ಸಿಕ್ಕಿತು, ಈಗ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಕಲ್ಲಿನ ಮೇಲ್ಭಾಗದ ಚಿತ್ರವನ್ನಷ್ಟೇ ತೋರಿಸಿ, ಇದರಲ್ಲಿ ರಾಜ ಯಾರು ಎಂದು ಕೇಳಿದೆ. ಕುಳಿತವನೇ ರಾಜ ಎಂದರು ಎಲ್ಲರೂ. ಹಾಗನಿಸುವುದು ಸಹಜ. ನಿಜಕ್ಕೂ ಕುಳಿತವನು ಸೂರ್ಯದೇವ ಶಮಾಶ್, ರಾಜ ಅವನ ಮುಂದೆ ನಿಂತಿದ್ದಾನೆ. ರಾಜ ತನ್ನನ್ನು ನಿಂತವನಂತೆ ಕೆತ್ತಿಸಿಕೊಂಡದ್ದು ಯಾಕಿರಬಹುದು? ಆ ದಿನ ಪಾಠ ಮುಂದೆ ಹೋಗಲೇ ಇಲ್ಲ. ಹೋಗಲಿ ಬಿಡಿ ಎಂದುಕೊಂಡೆ, ಏಕೆಂದರೆ ಅಷ್ಟು ದಿನಗಳಲ್ಲಿ ಮೊದಲ ಸಲ ಮಕ್ಕಳು ಒಬ್ಬರ ಮಾತಿಗೆ ಇನ್ನೊಬ್ಬರು ಉತ್ತರ ಕೊಡುತ್ತಿದ್ದರು.

ಮರುದಿನ ಮೂರು ಕಾನೂನುಗಳನ್ನು ಸರಳ ಕನ್ನಡದಲ್ಲಿ ಬರೆದುಕೊಟ್ಟೆ. ಮೇಲಿನ ವರ್ಗದವನೊಬ್ಬ ತನ್ನಂಥವನ ಕಣ್ಣು ಕಿತ್ತರೆ ಅವನ ಕಣ್ಣನ್ನೂ ಕೀಳಬೇಕು. ಸಾಮಾನ್ಯನ ಕಣ್ಣು ಕಿತ್ತರೆ ಒಂದು ಮಿನಾ, ಅಂದರೆ ಸುಮಾರು ಅರ್ಧ ಕಿಲೋ ಬೆಳ್ಳಿ ಕೊಡಬೇಕು. ಗುಲಾಮನ ಕಣ್ಣು ಕಿತ್ತರೆ ಅವನ ಬೆಲೆಯಲ್ಲಿ ಅರ್ಧ ಕೊಡಬೇಕು. "ಎಲ್ಲರಿಗೂ ಒಂದೇ ನ್ಯಾಯ ಇತ್ತು" ಎಂದ ಒಬ್ಬ ಹುಡುಗ. ಎಷ್ಟನೇ ಸಾಲು ಎಂದೆ. ಅವನೇ ಹುಡುಕಿದ. ಸ್ವಲ್ಪ ಹೊತ್ತಿನ ನಂತರ, "ಇಲ್ಲ ಟೀಚರ್, ಇದು ಬೇರೆ ಬೇರೆ ಇದೆ" ಎಂದ. ನಾನು ವಿವರಿಸಿದ್ದರೆ ಆ ಮಾತನ್ನು ಅವನು ಅಷ್ಟು ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಆಗ ಮೂಲೆಯಲ್ಲಿ ಕಪ್ಪು ಚೌಕವಾಗಿಯೇ ಇರುತ್ತಿದ್ದ ಹುಡುಗಿಯೊಬ್ಬಳು ಚಾಟ್‌ನಲ್ಲಿ ಬರೆದಳು: "ಆ ಅರ್ಧ ದುಡ್ಡು ಯಾರಿಗೆ ಕೊಡುತ್ತಾರೆ? ಗುಲಾಮನಿಗಾ, ಅವನ ಯಜಮಾನನಿಗಾ? ಸಾಲಿನಲ್ಲಿ ಇಲ್ಲ." ಬರೆದದ್ದರಲ್ಲಿ ಏನಿಲ್ಲ ಎಂದು ಕಾಣುವುದೂ ಓದುವುದೇ. ನಾನು ಕಲಿಸಬೇಕೆಂದುಕೊಂಡದ್ದನ್ನು ಅವಳು ತಾನಾಗಿ ಹಿಡಿದಿದ್ದಳು.

ಓದಿನ ಕಷ್ಟ ಎಲ್ಲಿದೆ ಎಂದು ತಿಳಿದದ್ದು ವಾಯ್ಸ್ ಮೆಸೇಜ್‌ಗಳಿಂದ. ವಾರಕ್ಕೆರಡು ಸಲ ಪ್ರತಿ ಮಗುವೂ ಐದು ಸಾಲು ಗಟ್ಟಿಯಾಗಿ ಓದಿ ಕಳಿಸಬೇಕಿತ್ತು, ಒಂದು ನಿಮಿಷದೊಳಗೆ. ಅಲ್ಲಿ ಕೇಳಿಸಿದ್ದು ನನಗೆ ಹೊಸದು. ತೊಂದರೆ ಇದ್ದದ್ದು ದೊಡ್ಡ ಪದಗಳಲ್ಲಲ್ಲ, "ಆದರೆ" ಎಂಬ ಚಿಕ್ಕ ಪದದಲ್ಲಿ. "ಮಳೆ ಕಡಿಮೆ ಆದರೆ ನದಿ ಬತ್ತುತ್ತದೆ" ಎಂಬಲ್ಲಿ ಅದು ಷರತ್ತು. "ಮಳೆ ಬಂತು. ಆದರೆ ನದಿ ತುಂಬಲಿಲ್ಲ" ಎಂಬಲ್ಲಿ ಮಾತು ತಿರುಗುತ್ತದೆ. ಹಲವು ಮಕ್ಕಳು ಎರಡನ್ನೂ ಒಂದೇ ರಾಗದಲ್ಲಿ ಓದುತ್ತಿದ್ದರು. ಸಮಾಜ ಪಾಠದಲ್ಲಿ ಕಾರಣ ಮತ್ತು ಪರಿಣಾಮ ನಿಂತಿರುವುದು ಇಂಥ ಪದಗಳ ಮೇಲೆಯೇ. ಆಮೇಲೆ ಪ್ರತಿ ತುಣುಕಿನಲ್ಲೂ ಆದರೆ, ಆದರೂ, ಆದ್ದರಿಂದ ಎಂಬ ಪದಗಳಿಗೆ ಬಣ್ಣದ ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿಸಿದೆ. ಅಲ್ಲಿ ಒಂದು ಉಸಿರು ನಿಲ್ಲಿಸಿ, "ಈಗ ಏನಾಗುತ್ತೆ?" ಎಂದು ಊಹಿಸಿ ಮುಂದೆ ಓದಬೇಕು.

ಉದ್ದ ವಾಕ್ಯಗಳಿಗೆ ಇನ್ನೊಂದು ಉಪಾಯ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಅಲ್ಲಿಗೆ ತಲುಪುವಷ್ಟರಲ್ಲಿ ಯಾರು ಮಾಡಿದ್ದು ಎಂಬುದು ಮರೆತುಹೋಗಿರುತ್ತದೆ. ಅದಕ್ಕೆ ಮೊದಲು ವಾಕ್ಯದ ಕೊನೆಯ ಪದ ಓದಿ, "ಯಾರು?" ಎಂದು ಕೇಳಿಕೊಂಡು ಆಮೇಲೆ ಆರಂಭಕ್ಕೆ ಬನ್ನಿ ಎಂದೆ. ಆರನೇ ತರಗತಿಯವರಿಗೆ ಇದು ಜಾಸ್ತಿ ಉಪಯೋಗವಾಯಿತು.

ವಾಯ್ಸ್ ಮೆಸೇಜ್ ಕೇಳುವುದಕ್ಕೆ ಸಮಯ ಹಿಡಿಯುತ್ತದೆ ನಿಜ. ಪ್ರತಿ ಮಗುವಿಗೂ ಒಂದೇ ಒಂದು ಮಾತು ಹೇಳುತ್ತಿದ್ದೆ, ಅದನ್ನೂ ಧ್ವನಿಯಲ್ಲೇ, ಹೆಸರು ಕರೆದು. ಹತ್ತು ತಪ್ಪು ತಿದ್ದಿದರೆ ಮುಂದಿನ ವಾರ ಮೆಸೇಜೇ ಬರುವುದಿಲ್ಲ. ಇಂಟರ್ನೆಟ್ ಇಲ್ಲದ ಇಬ್ಬರು ಮಕ್ಕಳಿಗೆ ಸಾಮಾನ್ಯ ಕರೆ ಮಾಡಿ ಸಾಲುಗಳನ್ನು ಹೇಳಿ ಬರೆಸುತ್ತಿದ್ದೆ. ಸಂಖ್ಯೆ ಇದ್ದದ್ದರಿಂದ ಫೋನಿನಲ್ಲೂ ಪಾಠ ನಡೆಯಿತು.

ನಕ್ಷೆಗಳನ್ನೂ ಹೀಗೇ ಓದಿಸಿದೆ. ನಕ್ಷೆಗಾರ ಮರ್ಕೇಟರ್ 1569ರಲ್ಲಿ ಮಾಡಿದ ವಿಧಾನದ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಆಫ್ರಿಕಾ ಅದರ ಸುಮಾರು 14 ಪಟ್ಟು. ಚೆಂಡಿಗೆ ಕಾಗದ ಸುತ್ತಿ ನೋಡಿ, ಎಲ್ಲಿ ಸುಕ್ಕು ಬರುತ್ತದೆ ಹೇಳಿ ಎಂದೆ. ತುದಿಗಳಲ್ಲಿ ಎಂದರು. ಹಾಗಾದರೆ ತಪ್ಪು ಕಾಣಿಸುವ ನಕ್ಷೆ ಯಾಕೆ ಬೇಕಿತ್ತು? ನಾವಿಕರಿಗಾಗಿ, ದಿಕ್ಸೂಚಿಯ ಒಂದೇ ದಿಕ್ಕು ಹಿಡಿದು ಹೋಗುವ ದಾರಿ ಇದರಲ್ಲಿ ನೇರ ಗೆರೆಯಾಗಿ ಬೀಳುತ್ತದೆ ಎಂದು ನಾನೇ ಹೇಳಿಬಿಟ್ಟೆ.

"ಅದು ಎಷ್ಟನೇ ಸಾಲಲ್ಲಿದೆ ಟೀಚರ್?" ಎಂದ ಏಳನೇ ತರಗತಿಯ ಹುಡುಗ. ಇರಲಿಲ್ಲ. ತುಣುಕಿನಲ್ಲಿ ನಾವಿಕರ ವಿಷಯವೇ ಇರಲಿಲ್ಲ. ನಾಳೆ ಕೊಡುತ್ತೇನೆ ಎಂದೆ. ಆ ರಾತ್ರಿ ಕೂತು ದಿಕ್ಸೂಚಿಯ ಬಗ್ಗೆ ಮೂರು ಸಾಲು ಬರೆದು, 13, 14, 15 ಎಂದು ಸಂಖ್ಯೆ ಹಾಕಿ ಕಳಿಸಿದೆ.