ಮಳೆಗಾಲದಲ್ಲಿ ಅಪ್ಪಟ ಮರದ ಗಿಟಾರ್ ಕಾಪಾಡುವುದು ಹೇಗೆ?

ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆಂದು ಉಳಿಸಿಕೊಂಡಿರುವ ಬೀಟೆ ಮರದ ಜಾತಿಯೇ ಬೆಲೆಬಾಳುವ ಅಕೌಸ್ಟಿಕ್ ಗಿಟಾರ್‌ಗಳ ಬೆನ್ನಿಗೂ ಪಕ್ಕದ ಹಲಗೆಗಳಿಗೂ ಒದಗುತ್ತದೆ. ಅಮೆರಿಕದ ಮಾರ್ಟಿನ್ ಕಂಪನಿ ತನ್ನ ಡಿ-28 ಮಾದರಿಗೆ ಭಾರತದ ಬೀಟೆಯನ್ನು ಬಳಸತೊಡಗಿದ್ದು 1969ರಲ್ಲಿ. ಆದರೆ ಬೀಟೆಯ ಸೀಮೆಗೇ ಮರಳಿ ಬಂದ ಇಂಥ ಗಿಟಾರ್ ನಮ್ಮ ಮುಂಗಾರನ್ನು ಸುಲಭವಾಗಿ ತಾಳಿಕೊಳ್ಳುವುದಿಲ್ಲ. ಅದರ ಸ್ಪ್ರೂಸ್ ಎಂಬ ಮರದ ಮೇಲ್ಹಲಗೆ ಸುಮಾರು 3 ಮಿ.ಮೀ. ದಪ್ಪದ್ದು; ಆರು ಉಕ್ಕಿನ ತಂತಿಗಳು ಒಟ್ಟಾಗಿ 70 ಕಿಲೋಗೂ ಹೆಚ್ಚಿನ ಬಲದಿಂದ ಅದನ್ನು ಸದಾ ಜಗ್ಗುತ್ತಿರುತ್ತವೆ. ತೇವ ಹೀರಿದ ಹಲಗೆ ಬ್ರಿಡ್ಜ್‌ನ (ತಂತಿಗಳನ್ನು ಹಲಗೆಗೆ ಬಿಗಿದಿಡುವ ಮರದ ಪಟ್ಟಿ) ಹಿಂದೆ ಉಬ್ಬುತ್ತದೆ, ತಂತಿಗಳು ಮೇಲೇಳುತ್ತವೆ, ನಾದ ಮಂಕಾಗುತ್ತದೆ.

ಆಗ ಏನನ್ನೂ ಉಜ್ಜಿಸಬೇಡಿ. ಒಂದು ಜುಲೈನಲ್ಲಿ ತಂತಿ ಒತ್ತಲು ಬೆರಳು ನೋಯುವಂತಾದಾಗ ನಾನು ಅವಸರಪಟ್ಟು, ತಂತಿಗಳನ್ನು ತಗ್ಗಿಸಲೆಂದು ಸ್ಯಾಡಲ್ (ಬ್ರಿಡ್ಜ್‌ನ ಮೇಲೆ ತಂತಿಗಳನ್ನು ಎತ್ತಿಹಿಡಿಯುವ ತೆಳು ಪಟ್ಟಿ) ಉಜ್ಜಿಸಿದೆ. ಫೆಬ್ರುವರಿಯ ಒಣ ಹವೆಗೆ ಹಲಗೆ ಕೆಳಗಿಳಿದಾಗ ತಂತಿಗಳೆಲ್ಲ ಗಿಟಾರಿನ ಕತ್ತಿನ (ನೆಕ್) ಮೇಲಿರುವ ಲೋಹದ ಅಡ್ಡಪಟ್ಟಿಗಳಾದ ಫ್ರೆಟ್‌ಗಳಿಗೆ ತಗುಲಿ ಗರಗರ ಎನ್ನತೊಡಗಿದವು. ಹೊಸ ಸ್ಯಾಡಲ್ ಹಾಕಿಸದೆ ಬೇರೆ ದಾರಿಯಿರಲಿಲ್ಲ. ಮೊದಲು ಮರದ ತೇವ ಹದಕ್ಕೆ ಬರಬೇಕು, ರಿಪೇರಿಯ ಮಾತು ಆಮೇಲೆ.

ಇದಕ್ಕೆ ಮೊದಲು ಬೇಕಾದದ್ದು ಗಾಳಿಯ ತೇವಾಂಶ ಅಳೆಯುವ ಒಂದು ಹೈಗ್ರೋಮೀಟರ್. ಕಡಿಮೆ ಬೆಲೆಯವು ತಪ್ಪು ತೋರಿಸುವುದುಂಟು, ಆದ್ದರಿಂದ ಮನೆಯಲ್ಲೇ ಪರೀಕ್ಷಿಸಿಕೊಳ್ಳಿ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಅದು ಕರಗದೆ ಒದ್ದೆ ಮರಳಿನಂತಾಗುವಷ್ಟು ಮಾತ್ರ ನೀರು ಹನಿಸಿ, ಮೀಟರಿನ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಡಿ. ಬೆಳಿಗ್ಗೆ ಅದು ಶೇ 75 ತೋರಿಸಬೇಕು. 80 ತೋರಿಸಿದರೆ ಮುಂದಿನ ಪ್ರತಿ ಅಳತೆಯಲ್ಲೂ ಐದು ಕಳೆದು ಓದಿಕೊಳ್ಳಿ.

ಬಳಿಕ ಗಿಟಾರನ್ನು ಬಿಗಿಯಾಗಿ ಮುಚ್ಚುವ ಗಟ್ಟಿ ಕೇಸಿನಲ್ಲಿಟ್ಟು, ಮೀಟರನ್ನೂ ಅದರೊಳಗೇ ಇರಿಸಿ. ತೇವ ಹೀರುವ ಸಿಲಿಕಾ ಜೆಲ್ ಹರಳುಗಳನ್ನು ತೆಳು ಹತ್ತಿಬಟ್ಟೆಯಲ್ಲಿ ಕಟ್ಟಿ, ಪಾಲಿಶ್‌ಗೆ ತಾಗದಂತೆ ನೆಕ್‌ನ ಕೆಳಗಿನ ಖಾನೆಯಲ್ಲಿಡಿ. ಶೇ 45ರಿಂದ 55ರ ನಡುವಿನ ತೇವಾಂಶ ಮರಕ್ಕೆ ಹಿತ. ಹರಳುಗಳ ಬಣ್ಣ ತಿರುಗಿದಾಗ ಓವನ್‌ನಲ್ಲಿ ಸುಮಾರು 120 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿ, ಪೂರ್ತಿ ಆರಿದ ಮೇಲೆ ಮತ್ತೆ ಬಳಸಿ. ಆದರೆ ಮಲೆನಾಡಿನ ಮನೆಗಳಲ್ಲಿ ಬಟ್ಟೆ ಒಣಗಿಸುವಂತೆ ಗಿಟಾರನ್ನು ಬಚ್ಚಲೊಲೆಯ ಬಳಿಯೋ ಒಲೆಯ ಮೇಲಿನ ಅಟ್ಟದಲ್ಲೋ ಇಡುವುದು ಖಂಡಿತ ಬೇಡ: ಒಮ್ಮೆಲೇ ಒಣಗಿದ ಹಲಗೆ ಸೀಳುತ್ತದೆ, ಬಿಸಿಗೆ ಬ್ರಿಡ್ಜ್‌ನ ಅಂಟು ಬಿಡುತ್ತದೆ. ಮಳೆ ಬಡಿಯುವ ಹೊರಗೋಡೆಗೆ ತೂಗುಹಾಕುವುದೂ ತಪ್ಪು.

ಎರಡು ವಾರಗಳ ಬಳಿಕ, ಶ್ರುತಿ ಮಾಡಿಕೊಂಡು, ಹನ್ನೆರಡನೆಯ ಫ್ರೆಟ್‌ನ ಮೇಲ್ಮೈಯಿಂದ ತಂತಿಯ ಅಡಿಯವರೆಗಿನ ಎತ್ತರ ಅಳೆಯಿರಿ. ದಪ್ಪ ತಂತಿಗೆ ಸುಮಾರು 2.4 ಮಿ.ಮೀ., ತೆಳು ತಂತಿಗೆ 1.8 ಮಿ.ಮೀ. ಇದ್ದರೆ ಸರಿ. ಹದವಾದ ಮೇಲೂ ಎತ್ತರ ಇಳಿಯದಿದ್ದರೆ ಮಾತ್ರ ನುರಿತವರಿಗೆ ತೋರಿಸಿ.

ಬೇಸಿಗೆಯ ಮೊದಲ ತಿಂಗಳಿಂದ ಕೆಲಸ ತಿರುವುಮುರುವಾಗುತ್ತದೆ. ನೆಕ್‌ನ ಅಂಚಿನಲ್ಲಿ ಬೆರಳು ಸವರಿದಾಗ ಫ್ರೆಟ್‌ಗಳ ತುದಿ ಚುಚ್ಚಿದರೆ ಮರ ಕುಗ್ಗಿದೆ ಎಂದರ್ಥ. ಅಂದೇ ಸಿಲಿಕಾ ಜೆಲ್ ತೆಗೆದು, ಚೆನ್ನಾಗಿ ಹಿಂಡಿದ ಒದ್ದೆ ಸ್ಪಂಜನ್ನು ತೂತುಗಳಿರುವ ಸೋಪಿನ ಡಬ್ಬಿಯಲ್ಲಿ ಹಾಕಿ ಕೇಸಿನೊಳಗಿಡಿ.