ಎಸ್‌ಎಂಬಸ್, ವಾಚ್‌ಡಾಗ್ ಮತ್ತೆ ನಮ್ಮನೆ ಡಬ್ಬಿ: ನನ್ನ ಅನುಭವ

ತೀರ್ಥಹಳ್ಳಿ ಹತ್ರ ನಮ್ಮನೆ ಅಟ್ಟದ ಮೇಲೆ ಒಂದು ಪಿಸಿ ಇದೆ, ಅಪ್ಪ ಅದನ್ನ ಡಬ್ಬಿ ಅಂತಾರೆ. ತೋಟದ ಗೇಟು, ಅಡಿಕೆ ಒಣಗಿಸೋ ಅಂಗಳ, ಕೊಟ್ಟಿಗೆ ಕಡೆ ಇರೋ ನಾಲ್ಕು ಕ್ಯಾಮೆರಾದ ವೈರೂ ಅದಕ್ಕೇ ಬರೋದು. 2018ರಲ್ಲಿ ನಾನೇ ಜೋಡಿಸಿದ್ದು, ಬಿ360 ಬೋರ್ಡು, ಐ3-8100 ಪ್ರೊಸೆಸರ್. ನಾನಿರೋದು ಬೆಂಗಳೂರಲ್ಲಿ. ತಿಂಗಳಿಗೆ ಎರಡು ಮೂರು ಸಲ ಫೋನ್ ಬರ್ತಿತ್ತು, "ಏ, ನಿನ್ ಡಬ್ಬಿ ಮತ್ತೆ ನಿಂತಿದೆ ಮಾರಾಯ, ಅಟ್ಟ ಹತ್ತಿ ಬಟನ್ ಒತ್ಬೇಕಾ?" ಅಂತ. ಒತ್ತಿ ಅಪ್ಪ ಅಂತಿದ್ದೆ, ಮೊಣಕಾಲು ನೋವಿರೋ ಮನುಷ್ಯ ಏಣಿ ಹತ್ತಿ ಒತ್ತಿ ಇಳೀತಿದ್ರು.

ಹ್ಯಾಂಗ್ ಆಗ್ತಿದ್ದಿದ್ದು ವಿಡಿಯೋ ಕ್ಯಾಪ್ಚರ್ ಕಾರ್ಡಿಂದ, ಅದ್ರಲ್ಲಿ ಅನುಮಾನ ಇಲ್ಲ. ಸಿಡಿ ಜೊತೆ ಬಂದಿದ್ದ ಅದರ ಡ್ರೈವರ್ ಲಿನಕ್ಸಿನ ಕರ್ನಲ್ (ಸಿಸ್ಟಂನ ತಿರುಳು) 4.4 ಆವೃತ್ತೀಲಿ ಮಾತ್ರ ಕಂಪೈಲ್ ಆಗೋದು, ಹಾಗಾಗಿ ಅದೇ ಕರ್ನಲ್ ಇರೋ ಉಬುಂಟು 16.04ನಲ್ಲೇ ನಿಂತಿದ್ದೆ. ತಮಾಷೆ ಅಂದ್ರೆ ಮಲೆನಾಡಲ್ಲಿ ಕರೆಂಟ್ ಹೋಗೋದು ಇಲ್ಲಿ ಉಪಕಾರ ಆಗ್ಬೇಕಿತ್ತು, ಹೋಗಿ ಬಂದ್ರೆ ಮಷೀನ್ ತಾನೇ ಹೊಸದಾಗಿ ಏಳೋದು, ಆದ್ರೆ ಮನೇಲಿ ಇನ್ವರ್ಟರ್ ಇದ್ದಿದ್ರಿಂದ ಹ್ಯಾಂಗ್ ಆಗಿದ್ದು ಹ್ಯಾಂಗ್ ಆಗೇ ಕೂತಿರ್ತಿತ್ತು.

ಇದಕ್ಕೆ ಮದ್ದು ವಾಚ್‌ಡಾಗ್. ಚಿಪ್‌ಸೆಟ್ (ಪ್ರೊಸೆಸರ್ ಜೊತೆ ಬೋರ್ಡಲ್ಲಿರೋ ಮುಖ್ಯ ಚಿಪ್ಪು) ಒಳಗೇ ಒಂದು ಟೈಮರ್ ಇರತ್ತೆ, ಒಂದು ಪ್ರೋಗ್ರಾಂ ಆಗಾಗ ಅದನ್ನ ಮುಟ್ಟಿ "ಬದುಕಿದ್ದೀನಿ" ಅಂತಿರ್ಬೇಕು, ಅನ್ನದಿದ್ರೆ ಟೈಮರ್ರೇ ಬೋರ್ಡನ್ನ ರೀಸೆಟ್ ಮಾಡತ್ತೆ. ಇಂಟೆಲ್‌ನವರದ್ದು ಟಿಸಿಒ ಅಂತ, ದುಡ್ಡು ಕೊಡೋದೇನಿಲ್ಲ, ಬೋರ್ಡಲ್ಲೇ ಬಂದಿರತ್ತೆ. ಡ್ರೈವರ್ ಹೆಸರು ಐಟಿಸಿಒ-ಡಬ್ಲ್ಯೂಡಿಟಿ. ಲೋಡ್ ಮಾಡಿದೆ, ಎರರ್ ಏನೂ ಇಲ್ಲ, ಆದ್ರೆ ವಾಚ್‌ಡಾಗ್ ಡಿವೈಸೂ ಇಲ್ಲ. ಒಂದು ಸಂಜೆ ಪೂರ್ತಿ ತಲೆ ಕೆರ್ಕೊಂಡೆ.

ಕೊನೆಗೆ ಕರ್ನಲ್ ಸೋರ್ಸ್ ತೆಗೆದು ನೋಡಿದಾಗ ವಿಷಯ ಗೊತ್ತಾಯ್ತು. ಹಳೇ ಬೋರ್ಡುಗಳಲ್ಲಿ ಈ ಟೈಮರಿನ ವಿಳಾಸ ಎಲ್‌ಪಿಸಿ ಬ್ರಿಡ್ಜ್ (ಚಿಪ್‌ಸೆಟ್ಟಿನ ಇನ್ನೊಂದು ಭಾಗ) ಕಡೆ ಇರ್ತಿತ್ತು. 2015ರ 100 ಸರಣಿ ಚಿಪ್‌ಸೆಟ್, ಅಂದ್ರೆ ಸನ್‌ರೈಸ್ ಪಾಯಿಂಟ್ ಬಂದಾಗ ಇಂಟೆಲ್‌ನವ್ರು ಅದನ್ನ ಎತ್ತಿ ಎಸ್‌ಎಂಬಸ್ (ಬೋರ್ಡಿನ ಚಿಪ್ಪುಗಳು ಮಾತಾಡ್ಕೊಳೋ ದಾರಿ) ಕಂಟ್ರೋಲರ್ ಮನೆಗೆ ಹಾಕಿಬಿಟ್ರು. ಹಾಗಾಗಿ ಲಿನಕ್ಸಲ್ಲಿ ಎಸ್‌ಎಂಬಸ್ ಡ್ರೈವರ್ರೇ, ಐ2ಸಿ-ಐ801 ಅನ್ನೋದು, ವಾಚ್‌ಡಾಗ್ ಡಿವೈಸನ್ನ ಹುಟ್ಟಿಸ್ಬೇಕು. ಅದು ಹಿಡ್ಕೊಳ್ದೇ ಇದ್ರೆ ಇದು ಹುಟ್ಟೋದೇ ಇಲ್ಲ.

ಎಸ್‌ಎಂಬಸ್ ಅಂದ್ರೆ ದೊಡ್ಡದೇನಲ್ಲ, ಒಂದು ಕ್ಲಾಕ್ ಒಂದು ಡೇಟಾ, ಎರಡೇ ತಂತಿ. 1995ರಲ್ಲಿ ಇಂಟೆಲ್ ಫಿಲಿಪ್ಸ್‌ನ ಐ2ಸಿ ಅನ್ನೋ ಹಳೇ ಎರಡು ತಂತಿ ಬಸ್ ಇಟ್ಕೊಂಡು ಮಾಡಿದ್ದು, ಮೊದಮೊದಲ ಸ್ಪೆಕ್ ಪ್ರಕಾರ 100 ಕಿಲೋಹರ್ಟ್ಸ್ ದಾಟ್ತಿರ್ಲಿಲ್ಲ. ರ್‍ಯಾಮ್ ಸ್ಟಿಕ್ ಮೇಲಿನ ಎಸ್‌ಪಿಡಿ ಚಿಪ್ಪು (ಆ ರ್‍ಯಾಮಿನ ವಿವರ ಬರ್ದಿರೋದು), ಕೆಲವು ಬೋರ್ಡಲ್ಲಿ ಟೆಂಪರೇಚರ್ ಸೆನ್ಸರ್, ಇಂಥವು ಅದಕ್ಕೆ ನೇತಾಡ್ತಿರ್ತವೆ. ಪವರ್ ಒತ್ತಿದ ತಕ್ಷಣ ಮೊದ್ಲು ಏಳೋ ಬೋರ್ಡಿನದೇ ಪ್ರೋಗ್ರಾಂ, ಅಂದ್ರೆ ಬಯೋಸ್, ಇದ್ರಲ್ಲೇ ರ್‍ಯಾಮ್ ಎಷ್ಟು, ಯಾವ ಸ್ಪೀಡು ಅಂತ ಓದ್ಕೊಳೋದು. ಆಪರೇಟಿಂಗ್ ಸಿಸ್ಟಂ ಏಳೋ ಹೊತ್ತಿಗೆ ಆ ಕೆಲ್ಸ ಮುಗ್ದಿರತ್ತೆ, ಅದಕ್ಕೇ ಡ್ರೈವರ್ ಇಲ್ದಿದ್ರೂ ಏನೂ ನಿಲ್ಲಲ್ಲ, ಯಾರೂ ಕೇರ್ ಮಾಡಲ್ಲ.

ವಿಂಡೋಸ್ 7 ಹಾಕಿದ ಎಲ್ರಿಗೂ ನೆನಪಿರತ್ತೆ, ಡಿವೈಸ್ ಮ್ಯಾನೇಜರಲ್ಲಿ "ಎಸ್‌ಎಂ ಬಸ್ ಕಂಟ್ರೋಲರ್" ಅಂತ ಹಳದಿ ಗುರುತು. ಇಂಟೆಲ್ ಚಿಪ್‌ಸೆಟ್ ಸಾಫ್ಟ್‌ವೇರ್ ಹಾಕಿದ್ರೆ ಹೋಗ್ತಿತ್ತು. ನಾನೂ ಎಷ್ಟೋ ವರ್ಷ ಅದು ಡ್ರೈವರ್ ಅಂತಲೇ ತಿಳ್ಕೊಂಡಿದ್ದೆ! ಅದ್ರಲ್ಲಿ ಇರೋದು ಬರೀ ಐಎನ್‌ಎಫ್ ಫೈಲು, "ಈ ನಂಬರಿನವನ ಹೆಸರು ಇಂಥದ್ದು" ಅಂತ ಹೇಳೋ ಚೀಟಿ ಅಷ್ಟೇ, ಹಾರ್ಡ್‌ವೇರ್ ಜೊತೆ ಮಾತಾಡೋ ಕೋಡ್ ಒಂದು ಸಾಲೂ ಇಲ್ಲ. ಈಚಿನ ಆವೃತ್ತಿಗಳಲ್ಲಿ ಡ್ರೈವರ್ ತಾರೀಖು ನೋಡಿದ್ರೆ 1968 ಜುಲೈ 18 ಅಂತ ಇರತ್ತೆ, ಇಂಟೆಲ್ ಕಂಪನಿ ಹುಟ್ಟಿದ ದಿನ. ಬೇರೆ ಯಾವ್ದೇ ನಿಜವಾದ ಡ್ರೈವರ್ ಬಂದ್ರೂ ಅದೇ ಹೊಸದು ಅಂತ ಗೆಲ್ಲಲಿ ಅಂತ ಬೇಕಂತಲೇ ಹಾಗಿಟ್ಟಿರೋದು. ಅಲ್ಲಿ ಡ್ರೈವರ್ ಇಲ್ದೇ ಗುರುತು ಮಾಯ ಆಗತ್ತೆ, ಲಿನಕ್ಸಲ್ಲಿ ಡ್ರೈವರ್ ಇಲ್ದಿದ್ರೂ ಗುರುತೇ ಕಾಣಲ್ಲ. ಎರಡೂ ಕಡೆ ನಾವೇ ಹೋಗಿ ಕೇಳ್ಬೇಕು.

ಕೇಳೋದು ಹೀಗೆ: ಬೋರ್ಡಲ್ಲಿರೋ ಡಿವೈಸುಗಳ ಪಟ್ಟಿ ಕೊಡೋ ಕಮಾಂಡು ಎಲ್‌ಎಸ್‌ಪಿಸಿಐಗೆ ನಂಬರ್ ತೋರಿಸು, ಡ್ರೈವರ್ ತೋರಿಸು ಅಂತ ಎನ್ ಎನ್, ಕೆ ಆಪ್ಷನ್ ಕೊಡಿ. ಹೊಸ ಇಂಟೆಲ್ ಬೋರ್ಡಾದ್ರೆ ಎಸ್‌ಎಂಬಸ್ 00:1ಎಫ್.4 ಅನ್ನೋ ಜಾಗದಲ್ಲಿರತ್ತೆ, ಹಳೇದ್ರಲ್ಲಿ 1ಎಫ್.3. ನಂದ್ರಲ್ಲಿ 8086:ಎ323 ಅಂತ ಬಂತು, 8086 ಇಂಟೆಲ್ ನಂಬರು, ಎ323 ಆ ಡಿವೈಸಿನ ನಂಬರು. ಅದರ ಕೆಳಗೆ "ಕರ್ನಲ್ ಡ್ರೈವರ್ ಇನ್ ಯೂಸ್" ಅನ್ನೋ ಸಾಲು ಇರ್ಬೇಕು. ಇರ್ಲಿಲ್ಲ. 4.4 ಬಂದಿದ್ದು 2016ರಲ್ಲಿ, ಬಿ360 ಬಂದಿದ್ದು 2018ರಲ್ಲಿ, ಡ್ರೈವರ್ ಗುರುತಿಸೋ ನಂಬರುಗಳ ಪಟ್ಟೀಲಿ ಎ323 ಇರೋಕೆ ಹೇಗೆ ಸಾಧ್ಯ.

ಲಿನಕ್ಸಲ್ಲಿ ಒಂದು ಅನುಕೂಲ ಇದೆ, ಕಂಪೈಲ್ ಮಾಡ್ದೇನೇ ಪಟ್ಟಿಗೆ ನಂಬರ್ ಸೇರಿಸ್ಬೋದು. ಸಿಸ್‌ಎಫ್‌ಎಸ್ (ಕರ್ನಲ್ ತನ್ನ ಸೆಟ್ಟಿಂಗನ್ನ ಫೈಲುಗಳ ಥರ ತೋರಿಸೋ ಜಾಗ) ಒಳಗೆ ಪಿಸಿಐ ಡ್ರೈವರ್ಸ್, ಅದ್ರಲ್ಲಿ ಐ801-ಎಸ್‌ಎಂಬಸ್ ಫೋಲ್ಡರ್, ಅಲ್ಲಿ ನ್ಯೂ-ಐಡಿ ಅಂತ ಒಂದು ಫೈಲು, ಅದಕ್ಕೆ ರೂಟ್, ಅಂದ್ರೆ ಅಡ್ಮಿನ್ ಆಗಿ, 8086 ಎ323 ಅಂತ ಬರೆದ್ರಾಯ್ತು. ಮಾಡಿದೆ. ಈ ಸಲ ಬೈಗುಳ ಬಂತು: ಎಸಿಪಿಐ ರಿಸೋರ್ಸ್ ಕಾನ್‌ಫ್ಲಿಕ್ಟ್. ಆಪರೇಟಿಂಗ್ ಸಿಸ್ಟಂಗೆ ಅಂತ ಬಯೋಸ್ ಬರ್ದಿಡೋ ಹಾರ್ಡ್‌ವೇರ್ ವಿವರ, ಅಂದ್ರೆ ಎಸಿಪಿಐ ಟೇಬಲ್, "ಈ ರಿಜಿಸ್ಟರ್ ಜಾಗ ನಂದು" ಅಂತ ಹೇಳ್ಕೊಂಡಿದ್ರೆ ಕರ್ನಲ್ ಡ್ರೈವರನ್ನ ಒಳಗೆ ಬಿಡಲ್ಲ, ಇಬ್ರೂ ಒಂದೇ ಬಸ್ಸಲ್ಲಿ ಒಟ್ಟಿಗೆ ಮಾತಾಡಿದ್ರೆ ಗೊಂದಲ ಅಂತ. ಎಸಿಪಿಐ-ಎನ್‌ಫೋರ್ಸ್-ರಿಸೋರ್ಸಸ್ ಅನ್ನೋದನ್ನ ಲ್ಯಾಕ್ಸ್ (ಸಡಿಲ) ಅಂತ ಬೂಟ್ ಲೈನಲ್ಲಿ ಕೊಟ್ಟು ದಾಟ್ದೆ. ಎಲ್ರಿಗೂ ಕಣ್ಮುಚ್ಚಿ ಹೇಳೋ ಸಲಹೆ ಅಲ್ಲ ಇದು, ಬಯೋಸ್ ಅದೇ ಬಸ್ಸಲ್ಲಿ ಫ್ಯಾನ್ ನೋಡ್ಕೊಳ್ತಿದ್ರೆ ಎಡವಟ್ಟಾಗತ್ತೆ. ಕರ್ನಲ್ 4.8ರಿಂದೀಚೆಗೆ ಐ801 ಡ್ರೈವರ್ ಸ್ವಲ್ಪ ಜಾಣ ಆಗಿದೆ, ಮೊದ್ಲು ಹಿಡ್ಕೊಳತ್ತೆ, ಬಯೋಸ್ ನಿಜಕ್ಕೂ ಕೈ ಹಾಕಿದ ದಿನ ತಾನೇ ಹಿಂದೆ ಸರಿಯತ್ತೆ.

ಲ್ಯಾಕ್ಸ್ ಆದ ಮೇಲೆ ಬಸ್ ಎದ್ದಿತು. ಐ2ಸಿ-ಡಿಟೆಕ್ಟ್ ಓಡಿಸೋಕೆ ಮುಂಚೆ ಸ್ವಲ್ಪ ಭಯ ಇತ್ತು, ಯಾಕಂದ್ರೆ ಅದು ಎಲ್ಲಾ ವಿಳಾಸಕ್ಕೂ ಹೋಗಿ ಬಾಗಿಲು ಬಡಿಯೋ ಸಾಧನ. 2000ದ ಆಸುಪಾಸಲ್ಲಿ ಐಬಿಎಂ ಥಿಂಕ್‌ಪ್ಯಾಡ್‌ಗಳಲ್ಲಿ ಇಂಥ ಬಡಿತಕ್ಕೇ ಒಂದು ಈಈಪ್ರಾಮ್ (ಮಾಹಿತಿ ಉಳಿಸೋ ಪುಟ್ಟ ಮೆಮೊರಿ ಚಿಪ್ಪು) ಕೆಟ್ಟು ಲ್ಯಾಪ್‌ಟಾಪ್ ಬೂಟೇ ಆಗ್ದಂಗೆ ಆಗಿದ್ದುಂಟು, ಆಮೇಲೆ ಇಂಥ ಸಾಧನ ಮಾಡೋ ಎಲ್‌ಎಂ-ಸೆನ್ಸರ್ಸ್‌ನವರು ಐಬಿಎಂ ಮಷೀನಲ್ಲಿ ಓಡದ ಹಾಗೆ ತಡೆ ಹಾಕಿದ್ರು. ನಂದ್ರಲ್ಲಿ ಹೆಕ್ಸ್ 51, 53ರಲ್ಲಿ ಎರಡು ರ್‍ಯಾಮು ಕಂಡ್ವು. ಡಿಡಿಆರ್4 ಎಸ್‌ಪಿಡಿ 512 ಬೈಟು, ಆದ್ರೆ 256ರ ಎರಡು ಪುಟ, ಮೊದಲನೇ ಪುಟದಲ್ಲಿ ಕೆಪಾಸಿಟಿ, ಟೈಮಿಂಗು, ಎರಡನೇದ್ರಲ್ಲಿ ಪಾರ್ಟ್ ನಂಬರು, ಸೀರಿಯಲ್ಲು. ಪುಟ ತಿರುಗಿಸೋಕೆ ಹೆಕ್ಸ್ 36, 37ಕ್ಕೆ ಒಂದು ಬರಹ ಹೋಗ್ಬೇಕು. ನಾನು ತಿರುಗಿಸ್ಲಿಲ್ಲ, ಅಟ್ಟದ ಮೇಲಿರೋ ಮಷೀನಲ್ಲಿ ಆ ಸಾಹಸ ಯಾಕೆ. ಅಂದಹಾಗೆ ಡಿಡಿಆರ್5ರಲ್ಲಿ ಇದು ಇನ್ನೂ ರಗಳೆ, ಪುಟ ತಿರುಗಿಸೋ ರಿಜಿಸ್ಟರ್ 50ರಿಂದ 57ರೊಳಗಿನ ಎಸ್‌ಪಿಡಿ ಚಿಪ್ಪಲ್ಲೇ ಇದೆ, ಬಹಳಷ್ಟು ಬಯೋಸ್‌ಗಳು ಆ ವಿಳಾಸಗಳಿಗೆ ಬರೆಯೋದನ್ನೇ ಬಂದ್ ಮಾಡಿರ್ತವೆ, ಡ್ರೈವರ್ ಇದ್ದೂ ಪುಟ ತಿರುಗಲ್ಲ.

ಇಷ್ಟೆಲ್ಲಾ ಆಯ್ತಲ್ಲ, ವಾಚ್‌ಡಾಗ್ ಬಂತಾ? ಇಲ್ಲ. ಗೊತ್ತಿಲ್ಲದ ನಂಬರ್ ಬಂದ್ರೆ ಡ್ರೈವರ್ "ಹೊಸದೇ ಇರ್ಬೇಕು" ಅಂತ ಬಸ್ಸಿನ ಫೀಚರ್ ಕೊಡತ್ತೆ, ಆದ್ರೆ ಟಿಸಿಒ ಮಾತ್ರ ಹೆಸರು ಹೇಳಿರೋ ಚಿಪ್‌ಸೆಟ್‌ಗಳಿಗೇ. ಸರಿ, ಕೋಡಲ್ಲೇ ಸನ್‌ರೈಸ್ ಪಾಯಿಂಟ್ ಸಾಲಿನ ಪಕ್ಕ ಎ323 ಸೇರಿಸಿ ಮಾಡ್ಯೂಲ್ ಕಂಪೈಲ್ ಮಾಡಿದೆ. ಬಯೋಸ್ ಬಚ್ಚಿಟ್ಟಿರೋ ಪಿ2ಎಸ್‌ಬಿ ಅನ್ನೋ ಡಿವೈಸನ್ನ ಡ್ರೈವರ್ ಒಂದು ಕ್ಷಣ ಹೊರಗೆಳೆದು ವಿಳಾಸ ಓದ್ಕೊಂಡು ವಾಪಸ್ ಬಚ್ಚಿಡತ್ತೆ, ಆ ಕೋಡ್ ಓದಿ ನಗು ಬಂತು. ಈ ಸಲ ಡಿವೈಸ್ ಹುಟ್ಟಿತು, ಐಟಿಸಿಒ ಕೂಡ ಬಂತು, ಬಂದು "ನೋ-ರೀಬೂಟ್ ಫ್ಲ್ಯಾಗ್ ತೆಗೆಯೋಕೆ ಆಗ್ತಿಲ್ಲ, ಬಯೋಸ್ ಅಥವಾ ಹಾರ್ಡ್‌ವೇರ್ ಡಿಸೇಬಲ್ ಮಾಡಿದೆ" ಅನ್ನೋ ಅರ್ಥದ ಸಾಲು ಹಾಕಿ ಸತ್ತೋಯ್ತು. ನೋ-ರೀಬೂಟ್ ಅಂದ್ರೆ ಟೈಮರ್ ಮುಗಿದ್ರೂ ರೀಸೆಟ್ ಮಾಡ್ಬೇಡ ಅನ್ನೋ ಗುರುತು. ನಾನೂ ನಂಬಿ ಬಯೋಸ್ ಮೆನು ಎಲ್ಲಾ ಜಾಲಾಡಿದೆ. ಸಿಗ್ಲಿಲ್ಲ. ಬಿಟ್ಟೆ. ಅಪ್ಪ ಇನ್ನೂ ಕೆಲವು ತಿಂಗಳು ಏಣಿ ಹತ್ತಿದ್ರು.

ತಪ್ಪು ಬಯೋಸಿಂದಲ್ಲ. ನನ್ನ ಚಿಪ್‌ಸೆಟ್ ಕ್ಯಾನನ್ ಲೇಕ್ ಪೀಳಿಗೇದು, ಅದ್ರಲ್ಲಿ ನೋ-ರೀಬೂಟ್ ಬಿಟ್ಟನ್ನ ಮತ್ತೆ ಜಾಗ ಬದಲಿಸಿ ಟಿಸಿಒ ಕಂಟ್ರೋಲ್ ರಿಜಿಸ್ಟರಿನ ಸೊನ್ನೆನೇ ಬಿಟ್ಟಿಗೆ ಹಾಕಿದ್ರು. ಡ್ರೈವರ್ ಹಳೇ ಮನೆ ಬಾಗಿಲು ಬಡಿದು ಯಾರೂ ಇಲ್ಲ ಅಂತ ಹೇಳ್ತಿತ್ತು. 2019ರಲ್ಲಿ ಇಂಟೆಲ್ ಕಡೆಯಿಂದ್ಲೇ ಇದಕ್ಕೆ ಪ್ಯಾಚ್ ಬಂತು, ಐಟಿಸಿಒ ಆವೃತ್ತಿ 6 ಅಂತ. ದೀಪಾವಳಿಗೆ ಊರಿಗೆ ಹೋದಾಗ ಅದನ್ನ ನೋಡ್ಕೊಂಡು 4.4ರ ಫೈಲಲ್ಲಿ ಆ ಬಿಟ್ ತೆಗೆಯೋ, ಹಾಕೋ ಫಂಕ್ಷನ್ ತಿದ್ದಿದೆ, ಹತ್ತು ಹನ್ನೆರಡು ಸಾಲು ಅಷ್ಟೇ. ಬರ್ದು, ವಾಪಸ್ ಓದಿ, ಬಿಟ್ ನಿಜಕ್ಕೂ ಬದಲಾಯ್ತಾ ಅಂತ ನೋಡೋದು ಮುಖ್ಯ.

ಪರೀಕ್ಷೆ ಮಾಡೋಕೆ ಸಿಸ್ಟಂನ ಬೇಕಂತಲೇ ಕೊಂದೆ, ಸಿಸ್‌ಆರ್‌ಕ್ಯೂ ಟ್ರಿಗರ್ ಫೈಲಿಗೆ ಸಿ ಅಂತ ಬರೆದ್ರೆ ಕರ್ನಲ್ ಪ್ಯಾನಿಕ್, ಅಂದ್ರೆ ಎಲ್ಲಾ ಅಲ್ಲಿಗೇ ನಿಲ್ಲತ್ತೆ. ಟೈಮರ್ 30 ಸೆಕೆಂಡಿಗೆ ಇಟ್ಟಿದ್ದೆ. ಅಪ್ಪ ಏಣಿ ಬುಡದಲ್ಲಿ, ನಾನು ಅಟ್ಟದ ಮೇಲೆ ಮೊಬೈಲಲ್ಲಿ ಸ್ಟಾಪ್‌ವಾಚ್ ಹಿಡ್ಕೊಂಡು. 30 ಆಯ್ತು, ಏನಿಲ್ಲ. 40. "ಒತ್ಲಾ?" ಅಂದ್ರು ಅಪ್ಪ. ಬೇಡ ತಡೀರಿ ಅಂದೆ. ಒಂದು ನಿಮಿಷದ ಹತ್ರ ಬಂದಾಗ ಫ್ಯಾನ್ ಗುರ್ರ್ ಅಂತು, ಬೂಟ್ ಆಯ್ತು. ಈ ಟೈಮರ್ ಒಂದು ಸಲ ಸೊನ್ನೆಗೆ ಬಂದ್ರೆ ಎಚ್ಚರಿಕೆ, ಎರಡನೇ ಸಲ ಬಂದ್ರೇನೇ ರೀಸೆಟ್, ಹಳೇ ಡ್ರೈವರ್ ಆ ಲೆಕ್ಕ ಹಾಕ್ತಿರ್ಲಿಲ್ಲ, ಅದಕ್ಕೆ ಡಬಲ್.

ಖುಷಿಯಾಗಿ ಬೆಂಗಳೂರಿಗೆ ಬಂದೆ, ಎರಡು ವಾರಕ್ಕೆ ಮತ್ತೆ ಫೋನು. ಅಪ್ಪ ಬಟನ್ ಒತ್ತಿದ ಮೇಲೆ ದೂರದಿಂದ್ಲೇ ಎಸ್‌ಎಸ್‌ಎಚ್‌ನಲ್ಲಿ ಹೋಗಿ ನೋಡಿದ್ರೆ ಬೂಟ್ ಆದ ಮೇಲೆ ಐಟಿಸಿಒ ಮಾಡ್ಯೂಲೇ ಲೋಡ್ ಆಗಿಲ್ಲ. ಉಬುಂಟುನವರು ವಾಚ್‌ಡಾಗ್ ಮಾಡ್ಯೂಲುಗಳನ್ನೆಲ್ಲಾ ಬ್ಲ್ಯಾಕ್‌ಲಿಸ್ಟಲ್ಲಿ ಇಟ್ಟಿರ್ತಾರೆ, ಗೊತ್ತಿಲ್ದೇ ಲೋಡ್ ಆಗಿ ಯಾರ್‍ಯಾರದ್ದೋ ಮಷೀನ್ ರೀಬೂಟ್ ಆಗ್ದಿರ್ಲಿ ಅಂತ. ಊರಲ್ಲಿ ಟೆಸ್ಟ್ ಮಾಡಿದ ದಿನ ನಾನು ಕೈಯಲ್ಲೇ ಲೋಡ್ ಮಾಡಿದ್ದೆ, ಅದು ಮರ್ತೇ ಹೋಗಿತ್ತು. ವಾಚ್‌ಡಾಗ್ ಡೀಮನ್, ಅಂದ್ರೆ ಟೈಮರನ್ನ ಆಗಾಗ ಮುಟ್ಟೋ ಹಿನ್ನೆಲೆ ಪ್ರೋಗ್ರಾಂ, ಅದರ ಸೆಟ್ಟಿಂಗ್ ಫೈಲಲ್ಲಿ ಮಾಡ್ಯೂಲ್ ಹೆಸರು ಬರ್ದೆ, ಅದು ಬ್ಲ್ಯಾಕ್‌ಲಿಸ್ಟನ್ನ ಲೆಕ್ಕಿಸ್ದೇ ಲೋಡ್ ಮಾಡತ್ತೆ.

ಆಮೇಲೆ ಮುಂದಿನ ಮಳೆಗಾಲದಲ್ಲಿ ಲಾಗ್ ನೋಡಿದ್ರೆ ಜುಲೈ ಒಂದೇ ತಿಂಗಳಲ್ಲಿ ನಾಲ್ಕು ಸಲ ತಾನೇ ಬಿದ್ದು ತಾನೇ ಎದ್ದಿತ್ತು. ಅಪ್ಪಂಗೆ ಹೇಳಿದ್ರೆ, "ಹೌದಾ, ನಂಗೆ ಗೊತ್ತೇ ಆಗ್ಲಿಲ್ಲ, ಆ ಏಣಿ ಈಗ ಮೆಣಸು ಕುಯ್ಯಕ್ಕೆ ತಗೊಂಡ್ ಹೋಗಿದಾರೆ" ಅಂದ್ರು.