ಟ್ರೇಲರ್ ಬಾಲ ಬೀಸಿದ ಮೇಲೆ

ನಮ್ಮ ಮನೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. 22 ಅಡಿಯ ಟ್ರಾವೆಲ್ ಟ್ರೇಲರ್ ಇದೆ, ಅಂದರೆ ಮಂಚ, ಅಡುಗೆಮನೆ ಇರುವ ಚಕ್ರದ ಮೇಲಿನ ಪುಟ್ಟ ಮನೆ. ಅದನ್ನು ಪಿಕಪ್ ಟ್ರಕ್ಕಿನ ಹಿಂದೆ ಕಟ್ಟಿಕೊಂಡು ವರ್ಷಕ್ಕೆ ನಾಲ್ಕೈದು ಸಲ ಹೊರಡುತ್ತೇವೆ. ಎರಡನೇ ಪ್ರವಾಸದಲ್ಲೇ ನಾನು ಮಾಡಿಕೊಂಡ ಎಡವಟ್ಟಿನ ಕತೆ ಇದು.

ಮೊದಲ ಸಲ ಟ್ರೇಲರ್ ಸಿಕ್ಕಿಸಿದಾಗ ಟ್ರಕ್ಕಿನ ಹಿಂಭಾಗ ಕುಸಿದು ಮೂತಿ ಮೇಲೆದ್ದಿತ್ತು. ನೋಡೋಕೆ ಚೆನ್ನಾಗಿರಲಿಲ್ಲ. ಹಾಗಾಗಿ ಮುಂದಿನ ಸಲ ಜಾಣತನ ಮಾಡಿದೆ. ಸಾಮಾನನ್ನೆಲ್ಲ ಟ್ರೇಲರಿನ ಹಿಂದಕ್ಕೆ ಸಾಗಿಸಿದೆ. ಸೈಕಲ್‌ಗಳು ಹಿಂಬದಿಯ ರ‍್ಯಾಕಿಗೆ ಹೋದವು. ಹಿಂದಿರುವ ಅಡುಗೆ ಕಪಾಟಿಗೆ ಅಕ್ಕಿ, ಬೇಳೆ, ಕುಕ್ಕರ್, ಎರಡು ಕಬ್ಬಿಣದ ದೋಸೆ ಕಾವಲಿ. ನೀರಿನ ಟ್ಯಾಂಕೂ ಭರ್ತಿ. ಟ್ರಕ್ ಈಗ ಸಮವಾಗಿ ನಿಂತಿತು. ಖುಷಿಯಲ್ಲಿ ಫೋಟೋ ಬೇರೆ ತೆಗೆದೆ.

ಹೊರಟಿದ್ದು ಯೊಸೆಮಿಟಿ ರಾಷ್ಟ್ರೀಯ ಉದ್ಯಾನಕ್ಕೆ. ಹೈವೇ 580ರಲ್ಲಿ ಆಲ್ಟಮಾಂಟ್ ಪಾಸ್ ಅನ್ನೋ ಗುಡ್ಡದ ದಾರಿ ದಾಟಬೇಕು. ಗುಡ್ಡದ ತುಂಬ ಗಾಳಿಯಂತ್ರ ನೆಟ್ಟಿದ್ದಾರೆ ಅಂದರೆ ಅಲ್ಲಿ ಗಾಳಿ ಎಷ್ಟಿರುತ್ತೆ ಅಂತ ನನಗೆ ಹೊಳೆಯಬೇಕಿತ್ತು. ಟ್ರೇಲರ್ ಎಳೆಯುವವರಿಗೆ ಈ ರಾಜ್ಯದಲ್ಲಿ ಮಿತಿ ಗಂಟೆಗೆ 55 ಮೈಲಿ. ಇಳಿಜಾರಿನಲ್ಲಿ ನಾನು 62ರಲ್ಲಿದ್ದೆ. ಪಕ್ಕದಲ್ಲಿ ಒಂದು ದೊಡ್ಡ ಲಾರಿ ಹಾದುಹೋಯಿತು. ಟ್ರೇಲರ್ ಎಡಕ್ಕೆ ವಾಲಿತು, ಆಮೇಲೆ ಬಲಕ್ಕೆ. ಪ್ರತಿ ಸಲ ಹಿಂದಿನದಕ್ಕಿಂತ ಜಾಸ್ತಿ. ಟ್ರಕ್ಕಿನ ಹಿಂಭಾಗವನ್ನೂ ಎಳೆದಾಡತೊಡಗಿತು.

ಕಾಲು ತಾನಾಗಿ ಬ್ರೇಕ್ ಕಡೆ ಹೋಯಿತು. ಆದರೆ ಒತ್ತಲಿಲ್ಲ. ಒತ್ತಿದ್ದರೆ ಹಿಂದಿನಿಂದ ಟ್ರೇಲರ್ ನೂಕಿ ಎರಡೂ ಚಾಕುವಿನ ಹಾಗೆ ಮಡಚಿಕೊಳ್ಳಬಹುದಿತ್ತು. ಆಕ್ಸಿಲರೇಟರ್ ಬಿಟ್ಟೆ. ಸ್ಟೀರಿಂಗ್ ನೇರವಾಗಿ ಹಿಡಿದೆ. ಬ್ರೇಕ್ ಕಂಟ್ರೋಲರಿನ ಲಿವರ್ ಅದುಮಿ ಟ್ರೇಲರಿನ ಬ್ರೇಕ್ ಮಾತ್ರ ಹಾಕಿದೆ. ಐದಾರು ಸೆಕೆಂಡಿನಲ್ಲಿ ಸರಿಹೋಯಿತು. ಹಿಂದಿನ ಸೀಟಿನಲ್ಲಿ ಮಕ್ಕಳು ಉಸಿರೆತ್ತಿರಲಿಲ್ಲ.

ಆಗ ಅಜ್ಜ ನೆನಪಾದರು. ತಿಪಟೂರಿನ ಹತ್ತಿರ ನಮ್ಮೂರು. ಎತ್ತಿನ ಗಾಡಿಗೆ ತೆಂಗಿನಕಾಯಿ ತುಂಬುವಾಗ ನಾವು ಹುಡುಗರು ಸುಮ್ನೆ ಹಿಂದಿನಿಂದ ಸುರಿಯುತ್ತಿದ್ದೆವು. "ಲೇ, ಹಿಂಭಾರ ಮಾಡಬ್ಯಾಡ್ರೋ, ಮೂಕಿ ಎದ್ದು ಎತ್ತಿನ ಕೊರಳು ಹಿಡೀತದೆ" ಅಂತ ಬೈಯುತ್ತಿದ್ದರು. ಮೂಕಿ ಅಂದರೆ ನೊಗಕ್ಕೆ ಸೇರುವ ಗಾಡಿಯ ಮುಂದಿನ ಮರ. ಮುಂಭಾರವಾದರೆ ನೊಗ ಎತ್ತಿನ ಹೆಗಲು ಹುಣ್ಣು ಮಾಡುತ್ತದೆ. ಎತ್ತು ಹೂಡುವ ಮೊದಲು ಅವರು ಮೂಕಿಯನ್ನು ಎರಡು ಕೈಯಲ್ಲಿ ಸ್ವಲ್ಪ ಎತ್ತಿ, ಇಳಿಸಿ, ಭಾರ ನೋಡುತ್ತಿದ್ದರು. ನಾನು ಕಣ್ಣಲ್ಲಿ ನೋಡಿ ಹೊರಟಿದ್ದೆ.

ಮೂಕಿಯ ಮೇಲೆ ಬೀಳುವ ಆ ಭಾರಕ್ಕೇ ಇಲ್ಲಿ ಟಂಗ್ ವೇಟ್ ಅನ್ನುತ್ತಾರೆ. ಟ್ರಕ್ಕಿನ ಹಿಂದೆ ಟ್ರೇಲರ್ ಸಿಕ್ಕಿಸುವ ಗುಂಡು, ಅಂದರೆ ಹಿಚ್ ಬಾಲ್ ಮೇಲೆ ಟ್ರೇಲರಿನ ಮೂತಿ ಎಷ್ಟು ಒತ್ತುತ್ತದೆ ಅನ್ನೋದು. ಸಾಮಾನು ತುಂಬಿದ ಟ್ರೇಲರಿನ ಒಟ್ಟು ತೂಕದಲ್ಲಿ ಅದು 10ರಿಂದ 15 ಪರ್ಸೆಂಟ್ ಇರಬೇಕು. ಕಡಿಮೆಯಾದರೆ ಬಾಲ ಬೀಸುತ್ತದೆ. ಜಾಸ್ತಿಯಾದರೆ ಟ್ರಕ್ಕಿನ ಮುಂದಿನ ಚಕ್ರಗಳು ಹಗುರಾಗಿ ಸ್ಟೀರಿಂಗ್ ಹಿಡಿತ ತಪ್ಪುತ್ತದೆ.

ಅವತ್ತೇ ಹೈವೇ 99ರ ಪಕ್ಕದ ಟ್ರಕ್ ಸ್ಟಾಪಿನಲ್ಲಿ ಲಾರಿ ತೂಗುವ ಕ್ಯಾಟ್ ಸ್ಕೇಲ್ ಮೇಲೆ ನಿಲ್ಲಿಸಿದೆ. ಆಕ್ಸಲ್‌ಗಳ ತೂಕ ಬೇರೆ ಬೇರೆ ಬರುತ್ತದೆ. ಟ್ರೇಲರ್ ಬಿಟ್ಟು ಬರೀ ಟ್ರಕ್, ನಮ್ಮೆಲ್ಲರನ್ನೂ ಸೇರಿಸಿ: 5,580 ಪೌಂಡ್. ಟ್ರೇಲರ್ ಸಿಕ್ಕಿಸಿದಾಗ ಟ್ರಕ್ಕಿನ ಚಕ್ರಗಳ ಮೇಲೆ 5,990, ಟ್ರೇಲರಿನ ಚಕ್ರಗಳ ಮೇಲೆ 4,590. ಅಂದರೆ ಟಂಗ್ ವೇಟ್ ಬರೀ 410. ಟ್ರೇಲರಿನ ಒಟ್ಟು ತೂಕ 5,000. ನೂರಕ್ಕೆ ಎಂಟು!

ಅಲ್ಲೇ ಪಕ್ಕದಲ್ಲಿ ಸಾಮಾನು ಇಳಿಸಿದೆ. ಸೈಕಲ್ ಮತ್ತು ರ‍್ಯಾಕ್, 110 ಪೌಂಡ್, ಟ್ರಕ್ಕಿನೊಳಗೆ ಬಂತು. ಕಾವಲಿ, ಅಕ್ಕಿ ಚೀಲ ಮುಂದಿನ ಮಂಚದ ಕೆಳಗೆ ಸೇರಿದವು. ನೀರಿನ ಟ್ಯಾಂಕ್ ಚಕ್ರಗಳ ಹಿಂದಿದೆ. 30 ಗ್ಯಾಲನ್ ನೀರು ಅಂದರೆ 250 ಪೌಂಡ್. ಅದನ್ನು ಖಾಲಿ ಮಾಡಿ, ಕ್ಯಾಂಪ್‌ಗ್ರೌಂಡಿನಲ್ಲೇ ತುಂಬಿಸಿದರಾಯ್ತು ಅಂದುಕೊಂಡೆ. ಮತ್ತೆ ತೂಗಿದರೆ ಟಂಗ್ ವೇಟ್ 620, ಟ್ರೇಲರ್ 4,640. ನೂರಕ್ಕೆ 13ರ ಮೇಲೆ. ಅಂದುಕೊಂಡಷ್ಟೇ ಬಂತು.

ಇಲ್ಲೊಂದು ಗಂಟಿದೆ. ಈ 620 ಟ್ರಕ್ಕಿನ ಲೆಕ್ಕಕ್ಕೆ ಬೀಳುತ್ತದೆ. ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿ ನಮ್ಮ ಪೇಲೋಡ್, ಅಂದರೆ ಟ್ರಕ್ ತನ್ನ ಮೇಲೆ ಹೊರಬಹುದಾದ ಭಾರ, 1,500 ಪೌಂಡ್ ಅಂತಿದೆ. ಜನ 540, ಸೈಕಲ್ ಮತ್ತಿತರ 150, ಹಿಚ್‌ನ ಕಬ್ಬಿಣವೇ 80, ಜೊತೆಗೆ ಈ 620. ಮಿಕ್ಕಿದ್ದು 110. "ಈ ಟ್ರಕ್ 9,000 ಪೌಂಡ್ ಎಳೆಯುತ್ತೆ" ಅನ್ನೋ ಜಾಹೀರಾತಿನ ಮಾತನ್ನು ಅವತ್ತಿನಿಂದ ನಾನು ನೆಚ್ಚಿಕೊಂಡಿಲ್ಲ. ಎಳೆಯೋ ಶಕ್ತಿಗಿಂತ ಮೊದಲು ಪೇಲೋಡ್ ಮುಗಿದುಹೋಗುತ್ತೆ.

ಟ್ರಕ್ಕಿನ ಹಿಂಭಾಗ ಕುಸಿಯುವುದಕ್ಕೆ ಮದ್ದು ವೇಟ್ ಡಿಸ್ಟ್ರಿಬ್ಯೂಷನ್ ಹಿಚ್, ಅಂದರೆ ಭಾರ ಹಂಚುವ ಕೊಂಡಿ. ನಮ್ಮ ಹತ್ತಿರ ಇತ್ತು, ಸರಿಯಾಗಿ ಬಿಗಿದಿರಲಿಲ್ಲ ಅಷ್ಟೆ. ಅದರ ಸ್ಪ್ರಿಂಗ್ ಬಾರ್ ಅನ್ನೋ ಕಬ್ಬಿಣದ ಸಲಾಕೆಗಳು ಸ್ವಲ್ಪ ಭಾರವನ್ನು ಮುಂದಿನ ಚಕ್ರಗಳಿಗೆ ಮರಳಿಸುತ್ತವೆ. ನಾನು ಟೇಪ್ ಹಿಡಿದು ಟ್ರಕ್ಕಿನ ಮುಂದಿನ ಫೆಂಡರಿನ (ಚಕ್ರದ ಮೇಲಿನ ಮಡ್ಗಾರ್ಡ್) ಎತ್ತರ ಅಳೆದೆ. ಟ್ರೇಲರ್ ಇಲ್ಲದೆ 37 ಇಂಚು, ಸಿಕ್ಕಿಸಿದಾಗ 38, ಬಾರ್ ಬಿಗಿದ ಮೇಲೆ ಮೂವತ್ತೇಳೂಕಾಲು. ಅಷ್ಟಾದರೆ ಸಾಕು. ಆದರೆ ಹಿಂಭಾರದ ಟ್ರೇಲರನ್ನು ಈ ಹಿಚ್ ರಿಪೇರಿ ಮಾಡುತ್ತೆ ಅಂತ ನಂಬಬೇಡಿ.

ಈಗ ಹೊರಡುವ ಮುನ್ನ ಮನೆಯಲ್ಲೇ ತೂಗುತ್ತೇನೆ. ಟ್ರೇಲರ್ ಚಕ್ರಗಳಿಗೆ ಅಡ್ಡ ಕೊಟ್ಟು, ಮೂರು ಅಡಿ ಅಂತರದಲ್ಲಿ ಒಂದು ಕಡೆ ಇಟ್ಟಿಗೆ, ಇನ್ನೊಂದು ಕಡೆ ಮೈತೂಕ ನೋಡುವ ತಕ್ಕಡಿ. ಎರಡರ ಮೇಲೂ ಗಟ್ಟಿ ಹಲಗೆ. ಇಟ್ಟಿಗೆಯಿಂದ ಒಂದು ಅಡಿಗೆ ಟ್ರೇಲರಿನ ಮೂತಿ ಕೂರಿಸುತ್ತೇನೆ. ತಕ್ಕಡಿ ತೋರಿಸಿದ್ದಕ್ಕೆ ಮೂರರಿಂದ ಗುಣಿಸಿದರೆ ಟಂಗ್ ವೇಟ್. ಹೋದ ವಾರ 205 ತೋರಿಸಿತು. "ಆ ತಕ್ಕಡಿ ಮೇಲೆ ನಾನು ಯಾವತ್ತೂ ನಿಲ್ಲಲ್ಲ" ಅಂತ ಹೆಂಡತಿ ಹೇಳಿದ್ದಾಳೆ. ಅವಳ ಕಾವಲಿಗಳು ಈಗಲೂ ಮುಂದಿನ ಮಂಚದ ಕೆಳಗೇ ಇವೆ. ಆಲ್ಟಮಾಂಟ್ ಇಳಿಯುವಾಗ ಈಗ ಲಾರಿಗಳೆಲ್ಲ ಹಿಂದೆ ಹಾಕಿ ಹೋಗುತ್ತವೆ. ನಾವು 55ರಲ್ಲೇ.